ಉಬ್ಬುಮೀನಿನ ಮದ್ದು

ಮೃಗಶಿರ ಮಳೆ ಹುಟ್ಟುವ ದಿನ ಜೀವಂತ ಮೀನು ನುಂಗಿದರೆ ಉಸಿರು ಕಟ್ಟುವ ಗೂರಲು ವಾಸಿಯಾಗುತ್ತದೆ ಎಂಬುದರಲ್ಲಿ ಮುದ್ದಕ್ಕನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ತನ್ನ ಹಳ್ಳಿ ಮತ್ತೋಡಿನಲ್ಲಿದ್ದಾಗ ಗಂಡನನ್ನು ವರ್ಷ ವರ್ಷ ಹೈದರಾಬಾದಿಗೆ ಕರೆದುಕೊಂಡು ಹೋಗಿ, ಬೆರಳುದ್ದದ ಕೊರವ ಮೀನಿನ ಮರಿಯ ಬಾಯಲ್ಲಿ ಹಳದಿ ಮದ್ದಿಟ್ಟು ನುಂಗಿಸಿಕೊಂಡು ಬಂದವಳು ಅವಳು. ಅಪ್ಪ ಸತ್ತದ್ದು ಗೂರಲಿನಿಂದಲೇ ಅಲ್ಲವಾ ಎಂದು ಮಗ ದುರ್ಗೇಶ ಕೆಣಕಿದರೆ, "ಕೊನೇ ವರ್ಷ ಹೋಗ್ಲಿಲ್ಲವಲ್ಲೋ, ಅದ್ಕೇ" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಈಗ ಅದೇ ಗೂರಲು ಏಳು ವರ್ಷದ ಮೊಮ್ಮಗಳು ಅನುಷಾಳ ಎದೆಯಲ್ಲಿ ಬಂದು ಕೂತಿತ್ತು. ಮಗು ಉಸಿರೆಳೆದುಕೊಳ್ಳುವ ಸದ್ದು ಕೇಳಿದರೆ ಮುದ್ದಕ್ಕ ಕೈಲಿದ್ದ ಕೆಲಸ ಬಿಟ್ಟು ಬಂದು ಅದರ ಬೆನ್ನು ನೀವುತ್ತಿದ್ದಳು. ಸೊಸೆ ಸುಷ್ಮಿತಾ ಬಾಯಿಗೆ ಪಂಪು ಒತ್ತಿ ಔಷಧಿ ಕೊಡುವಳು. ಸದ್ದು ನಿಲ್ಲುವುದು, ನಾಲ್ಕು ದಿನಕ್ಕೆ ಮತ್ತೆ ಬರುವುದು. ಪಂಪು ಒತ್ತಿ ರೋಗ ಓಡಿಸಿದವರನ್ನು ಮುದ್ದಕ್ಕ ಕಂಡಿರಲಿಲ್ಲ.

ಹಿರಿಯೂರಿನ ಅವರ ಬೀದಿಯಲ್ಲೇ ಇದ್ದ ನಾಗಕ್ಕ ಆಂಧ್ರದ ಕಡೆಯವಳು. ಕೇಳಿದ ತಕ್ಷಣ ಎರಡು ಉಂಡೆ ಹಳದಿ ಮದ್ದು ತಂದುಕೊಟ್ಟಳು. ಮದ್ದೇನೋ ಸಿಕ್ಕಿತು, ಮೀನೆಲ್ಲಿ? ಸಂತೆಯಲ್ಲಿ ಐಸಿನ ಮೇಲೆ ಮಲಗಿದ್ದ ಮೀನುಗಳು ಸತ್ತು ಎಷ್ಟು ದಿನವಾಗಿತ್ತೋ ಏನೋ. ಪೆಚ್ಚುಮೋರೆ ಹಾಕಿಕೊಂಡು ಮನೆಗೆ ಬಂದು ಕೂತಾಗ ಎದುರಿಗೆ ಗಾಜಿನ ತೊಟ್ಟಿ ಕಾಣಿಸಿತು.

ಬಬ್ಬೂರು ಫಾರಂನಲ್ಲಿ ಕೆಲಸ ಮಾಡುವ ದುರ್ಗೇಶ ಅದನ್ನು ಚಿತ್ರದುರ್ಗದ ಅಂಗಡಿಯಿಂದ ಮಗಳಿಗೆಂದು ತಂದಿದ್ದ. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಎರಡು ಮೀನು. ಹಸಿರು ಹಳದಿ ಮೈ, ಕರಿ ಚುಕ್ಕೆ, ಪಿಳಿಪಿಳಿ ಕಣ್ಣು. ಹೆದರಿಸಿದರೆ ನೀರು ಕುಡಿದು ಚೆಂಡಿನ ಹಾಗೆ ಉಬ್ಬಿಕೊಳ್ಳುತ್ತಿದ್ದವು. ಮಗು ದೊಡ್ಡದಕ್ಕೆ ಗುಂಡ, ಚಿಕ್ಕದಕ್ಕೆ ಪುಟ್ಟ ಎಂದು ಹೆಸರಿಟ್ಟಿತ್ತು. ಅವನ್ನು ಮುಟ್ಟಬೇಡ ಎಂದು ದುರ್ಗೇಶ ಹೇಳಿದ್ದು ನಿಜ. ಆದರೆ ಆ ಮನೆಯಲ್ಲಿ ಮುಟ್ಟಬೇಡ ಎನ್ನದ ವಸ್ತುವೇ ಇರಲಿಲ್ಲ. ಮಿಕ್ಸಿ ಮುಟ್ಟಬೇಡ, ಗೀಸರ್ ಮುಟ್ಟಬೇಡ, ಅವನ ಫೋನಂತೂ ಮುಟ್ಟಲೇಬೇಡ. ಮುದ್ದಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಳು.

ಮೃಗಶಿರ ಹುಟ್ಟುವ ದಿನ ಶನಿವಾರ. ಅರ್ಧ ದಿನದ ಸ್ಕೂಲು ಮುಗಿಸಿ ಅನುಷಾ ಮನೆಗೆ ಬಂತು. ಸೊಸೆ ಚಿತ್ರದುರ್ಗದ ಆಫೀಸಿಗೆ ಹೋಗಿದ್ದಳು. ಮುದ್ದಕ್ಕ ಎರಡೂ ಮೀನನ್ನು ಚೊಂಬಿಗೆ ಹಿಡಿದಿಟ್ಟುಕೊಂಡು ಕಾಯುತ್ತಿದ್ದಳು.

"ನಂಗೆ ಭಯ ಆಗ್ತೈತಜ್ಜಿ."

"ನೋಡು, ಮೊದ್ಲು ನಾನು ನುಂಗ್ತೀನಿ."

ಪುಟ್ಟನ ಬಾಯಿಗೆ ಮದ್ದು ತುರುಕಿ, ತಲೆಯೆತ್ತಿ ಗಂಟಲಿಗೆ ಬಿಟ್ಟುಕೊಂಡಳು. ಅದು ಒಂದು ಗಳಿಗೆ ಅಲ್ಲೇ ಅಡ್ಡ ನಿಂತಿತು. ಮುದ್ದಕ್ಕನ ಕಣ್ಣಲ್ಲಿ ನೀರು ಬಂತು. ಒಂದು ಲೋಟ ನೀರು ಕುಡಿದ ಮೇಲೆ ಇಳಿಯಿತು. ಆಮೇಲೆ ಗುಂಡನನ್ನು ಮಗುವಿನ ಬಾಯಿಗೆ ಹಾಕಿ, ಬೆಲ್ಲ ತರಲು ಒಳಗೆ ಓಡಿದಳು. ವಾಪಸು ಬಂದಾಗ ಅನುಷಾ ಬಾಯಿ ಮುಚ್ಚಿಕೊಂಡು, ಸ್ಕೂಲ್ ಬ್ಯಾಗು ಅಪ್ಪಿಕೊಂಡು ನಿಂತಿತ್ತು.

"ನುಂಗಿದೇನೇ?"

ಮಗು ಹೂಂ ಎಂಬಂತೆ ತಲೆಯಾಡಿಸಿತು.

ಮದ್ದಿನ ಸುದ್ದಿ ಬಾಯಿಬಿಟ್ಟರೆ ಅದು ಹತ್ತುವುದಿಲ್ಲವೆಂಬುದು ಮುದ್ದಕ್ಕನ ಕಡೆಯವರ ನಂಬಿಕೆ. ಮಗುವಿನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಹೇಳಿದಳು: "ನನ್ನಾಣೆ ಕಣೇ, ಮೀನು ಯಾರು ನುಂಗಿದ್ರು ಅಂತ ಯಾರ ಮುಂದೂ ಹೇಳಬ್ಯಾಡ. ಹೇಳಿದ್ರೆ ಈ ಅಜ್ಜಿ ಸತ್ತೋಗ್ತಾಳೆ."

ಊಟಕ್ಕೆ ಬಂದ ದುರ್ಗೇಶ ಖಾಲಿ ತೊಟ್ಟಿ ನೋಡಿದ. ಎಂದೋ ಒಂದು ದಿನ ಹೇಳಲೇಬೇಕಾದ ಮಾತು, ಮಗುವಿನ ಅಪ್ಪನಿಗೆ ಹೇಳಿದರೆ ದೋಷವಿಲ್ಲವೆಂದು ಮುದ್ದಕ್ಕ ಹೆಮ್ಮೆಯಿಂದಲೇ, "ಅನೂಗೆ ಮದ್ದು ಕೊಟ್ಟೆ ಕಣಪ್ಪ" ಎಂದಳು. ಮಗನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಅವ್ವಾ, ಅದು ವಿಷದ ಮೀನು! ಅಂಗಡಿಯವನು ಮುಟ್ಟಿದ್ರೂ ಕೈ ತೊಳ್ಕೊಳ್ರಿ ಅಂದಿದ್ದ. ಎರಡೂ ಕೊಟ್ಟೆಯಾ?"

ಮುದ್ದಕ್ಕನ ಬಾಯಿಂದ ಮಾತೇ ಹೊರಡಲಿಲ್ಲ. ಅವನು ಅದನ್ನೇ ಹೌದೆಂದುಕೊಂಡು, ಸ್ಕೂಲ್ ಬ್ಯಾಗಿನ ಸಮೇತ ಮಗುವನ್ನು ಎತ್ತಿಕೊಂಡು ಬೀದಿಗೆ ಓಡಿದ.

ಮುದ್ದಕ್ಕನೂ ಹಿಂದೆಯೇ ಓಡಿ ಆಟೋ ಹತ್ತಿದಳು. ತನ್ನ ಕೈಯಾರೆ ಕೂಸಿಗೆ ವಿಷ ಹಾಕಿದೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅಪ್ಪನ ಅಳು ನೋಡಿ ಮಗುವಿಗೆ ಉಸಿರು ಕಟ್ಟತೊಡಗಿತು. ಆ ಸಿಳ್ಳಿನಂಥ ಸದ್ದು ಎದ್ದಾಗ ಮುದ್ದಕ್ಕ ಮನೆದೇವರಿಗೆಲ್ಲ ಹರಕೆ ಹೊತ್ತಳು. ತನ್ನ ತುಟಿಯ ಸುತ್ತ ಇರುವೆ ಹರಿದಂತಾಗುತ್ತಿದ್ದುದನ್ನು ಭಯಕ್ಕೇ ಇರಬೇಕೆಂದುಕೊಂಡಳು.

ಆಸ್ಪತ್ರೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರಮ್ಮ ಎಲ್ಲ ಕೇಳಿಕೊಂಡು ಹುಬ್ಬು ಗಂಟಿಕ್ಕಿದಳು. "ಈ ವಿಷಕ್ಕೆ ಇಳಿಸೋ ಮದ್ದಿಲ್ಲ. ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತೆ. ಆಮೇಲೆ ಕೈಕಾಲು, ಕೊನೆಗೆ ಉಸಿರು. ವಿಷ ತಾನಾಗಿ ಇಳಿಯೋವರೆಗೂ ಮೆಷೀನಿಂದ ಉಸಿರಾಡಿಸಬೇಕು. ಬೇರೆ ಯಾರಾದ್ರೂ ತಿಂದಿದ್ದಾರಾ?"

ಮುದ್ದಕ್ಕನಿಗೆ ಆಗ ತಿಳಿಯಿತು, ತುಟಿಯ ಮೇಲೆ ಹರಿಯುತ್ತಿದ್ದುದು ಭಯವಲ್ಲ. ನಾನು ಎಂದು ಬಾಯಿ ತೆರೆಯುವಷ್ಟರಲ್ಲಿ ನರ್ಸ್ ಒಂದು ಮೆಷೀನನ್ನು ತಳ್ಳಿಕೊಂಡು ಬಂದಳು. "ಮೇಡಂ, ಇರೋದಿದೊಂದೇ. ಇನ್ನೊಂದು ಬೇಕಂದ್ರೆ ದುರ್ಗಕ್ಕೇ ಹೋಗ್ಬೇಕು."

"ಇಲ್ಲ ಕಣವ್ವ, ಯಾರೂ ತಿಂದಿಲ್ಲ" ಎಂದಳು ಮುದ್ದಕ್ಕ.

ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಳು. ನಾಲಿಗೆ ದಪ್ಪವಾಯಿತು. ಬೆರಳುಗಳು ತನ್ನವಲ್ಲದಂತಾದವು. ಭಯವೆಂದರೆ ಅಂಥಿಂಥ ಭಯವಲ್ಲ. ಆದರೆ ಆ ಮೆಷೀನಿನ ಮೇಲಿಂದ ಅವಳು ಕಣ್ಣು ತೆಗೆಯಲಿಲ್ಲ. ಅದು ಕೂಸಿನದು. ಕೂಸಿನ ಉಸಿರು ನಿಂತಾಗ ಅದು ಅಲ್ಲೇ ಇರಬೇಕು. ಆಮೇಲೆ ತನಗೇನಾದರೂ ಆಗಲಿ.

ಪಂಪಿನ ಔಷಧಿಗೆ ಮಗುವಿನ ಸಿಳ್ಳು ನಿಂತಿತು. ಡಾಕ್ಟರಮ್ಮ ತುಟಿ ಮುಟ್ಟಿದಳು, ಕೈ ಹಿಸುಕಿಸಿಕೊಂಡಳು, ನಾಲಿಗೆ ಚಾಚಿಸಿದಳು. "ಏನೂ ಆಗಿಲ್ಲವಲ್ಲ!" ಎಂದಳು.

ದುರ್ಗೇಶ ಮಂಚದ ಅಂಚಿಗೆ ಹಣೆ ಹಚ್ಚಿ ಬಿಕ್ಕುತ್ತಿದ್ದ. ಅವನನ್ನು ನೋಡಿ ನೋಡಿ ತಡೆಯಲಾರದೆ ಅನುಷಾ ಬ್ಯಾಗಿಗೆ ಕೈಹಾಕಿ ನೀರಿನ ಬಾಟಲಿ ತೆಗೆದು ಅಪ್ಪನ ಮುಂದೆ ಹಿಡಿಯಿತು. ಒಳಗೆ ಗುಂಡ ಉಬ್ಬಿಕೊಂಡು ತೇಲುತ್ತಿತ್ತು.

"ಬಾಯಲ್ಲಿ ದಪ್ಪ ಆಗ್ಬಿಡ್ತಪ್ಪ. ಉಗಿದುಬಿಟ್ಟೆ."

ಮುದ್ದಕ್ಕನ ಎದೆಯ ಮೇಲಿನ ಬಂಡೆ ಉರುಳಿಬಿತ್ತು. ನಕ್ಕಳು, ಮುಖ ನಗಲಿಲ್ಲ. ಈಗ ಹೇಳಬಹುದು, ಮೆಷೀನು ಖಾಲಿಯಿದೆ. ಪುಟ್ಟ ನನ್ನ ಹೊಟ್ಟೆಯಲ್ಲಿದೆ ಎನ್ನಲು ಹೋದಳು. ನಾಲಿಗೆ ಏಳಲಿಲ್ಲ. ಕೈಯೂ ಏಳಲಿಲ್ಲ. ಕಣ್ಣರೆಪ್ಪೆಗಳು ತಾವಾಗಿ ಅರ್ಧ ಇಳಿದವು. ಕಾಣುತ್ತಿತ್ತು, ಕೇಳುತ್ತಿತ್ತು, ನೋಡಿದವರಿಗೆ ಮುದುಕಿ ಸುಸ್ತಾಗಿ ಗೋಡೆಗೊರಗಿ ತೂಕಡಿಸುತ್ತಿದ್ದಾಳೆ ಅನ್ನಿಸುವಂತಿತ್ತು.

"ಇನ್ನೊಂದೆಲ್ಲಮ್ಮ?" ದುರ್ಗೇಶ ಕೇಳಿದ.

ಅನುಷಾ ಅಜ್ಜಿಯ ಕಡೆ ನೋಡಿತು. ತುಟಿ ಬಿಗಿಹಿಡಿಯಿತು.

"ಹೇಳು ಪುಟ್ಟಿ, ಪುಟ್ಟ ಎಲ್ಲಿ?"

"ಹೇಳಂಗಿಲ್ಲ. ಆಣೆ ಐತೆ."

ಹೇಳೇ ನನ್ನವ್ವ, ಹೇಳೇ, ಎಂದು ಮುದ್ದಕ್ಕ ಒಳಗೊಳಗೇ ಕೂಗಿಕೊಂಡಳು. ಎದೆ ಗಾಳಿಗೆ ಬಾಯಿ ಬಿಡುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಎಷ್ಟೋ ವರ್ಷ ಗಂಡ, ಈಗೀಗ ಈ ಕೂಸು ಪಟ್ಟ ಸಂಕಟ ಇದೇ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಮಗುವಿನ ಬಾಯಿ ಕಟ್ಟಿಹಾಕಿದ್ದು ತನ್ನದೇ ಮಾತು.

ಅಜ್ಜಿಯ ಬಾಯಂಚಿನಿಂದ ಜೊಲ್ಲು ಇಳಿಯುವುದನ್ನು ಅನುಷಾ ಕಂಡಿತು.

"ಹೇಳಿದ್ರೆ ಅಜ್ಜಿ ಸತ್ತೋಗುತ್ತೆ!" ಎಂದು ಒಮ್ಮೆಲೇ ಕಿರುಚಿ ಅತ್ತಿತು. "ಅಜ್ಜಿ ಹೊಟ್ಟೇಲೈತೆ! ಅಜ್ಜೀನೇ ನುಂಗಿತು!"

ಆಮೇಲೆ ಎಲ್ಲರೂ ಓಡಿಬಂದದ್ದು, ಬೆಂಚಿನಿಂದ ಎತ್ತಿ ಮಂಚಕ್ಕೆ ಹಾಕಿದ್ದು, ಗಂಟಲಿಗೆ ಕೊಳವೆ ಇಳಿಸಿದ್ದು ಎಲ್ಲ ಮುದ್ದಕ್ಕನಿಗೆ ತಿಳಿಯುತ್ತಲೇ ಇತ್ತು. ಮೆಷೀನು ಅವಳ ಎದೆಯನ್ನು ಏರಿಸತೊಡಗಿತು, ಇಳಿಸತೊಡಗಿತು. ವಿಷ ಇಳಿಯುವವರೆಗೂ ಏನೂ ಹೇಳೋಕಾಗಲ್ಲ ಎಂದು ಡಾಕ್ಟರಮ್ಮ ಹೇಳಿದ್ದೂ ಕೇಳಿಸಿತು. ಇಷ್ಟು ಸಾಕು, ಕೂಸು ಉಳಿಯಿತಲ್ಲ, ಇನ್ನು ಹೋದರೂ ಚಿಂತೆಯಿಲ್ಲ ಎಂದು ಅವಳು ಮನಸ್ಸಿನಲ್ಲೇ ಕೈಚೆಲ್ಲಿದಳು.

ಆಗ ಒಂದು ಪುಟ್ಟ ಕೈ ಅವಳ ಸತ್ವವಿಲ್ಲದ ಕೈಯನ್ನು ಹಿಡಿದೆತ್ತಿತು. ಎಣ್ಣೆ ಹಚ್ಚಿ ಬಾಚಿದ ಕೂದಲು ಅಂಗೈಗೆ ತಾಗಿತು. ಬೆಳಿಗ್ಗೆ ತಾನೇ ಬಾಚಿದ ತಲೆ ಅದು.

"ನನ್ನಾಣೆ ಅಜ್ಜಿ, ಸಾಯಬ್ಯಾಡ" ಎಂದಿತು ಅನುಷಾ.

ಮುದ್ದಕ್ಕನ ಜೀವ ಜಲ್ಲೆಂದಿತು. ಆಣೆ ತಪ್ಪಿದರೆ ಏನಾಗುತ್ತದೆಂದು ಮಗುವಿಗೆ ಕಲಿಸಿದವಳು ಅವಳೇ. ಇನ್ನು ಅವಳು ಸಾಯುವ ಹಾಗಿರಲಿಲ್ಲ. ಮೆಷೀನು ಉಸಿರೊಂದನ್ನು ಒಳಗೆ ದೂಡಿತು, ಮುದ್ದಕ್ಕ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.