ಭಾವನ ಸ್ಕ್ರಿಪ್ಟು, ನಾದಿನಿಯ ಡಬ್ಬಿಗಳು

ರಕ್ತಪರೀಕ್ಷೆಯ ಆ ಲ್ಯಾಬಿನಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಒಂಬತ್ತು ವರ್ಷ ಅವನೊಬ್ಬನೇ. ಯಂತ್ರಗಳಿಂದ ಬಂದ ವರದಿಗಳನ್ನು ಹೆಕ್ಕಿ ಆಯಾ ರೋಗಿಗೆ ಕಳಿಸುವ ಕೆಲಸವನ್ನು ಅವನು ಬರೆದ ಶೆಲ್ ಸ್ಕ್ರಿಪ್ಟು, ಅಂದರೆ ಸಾಲು ಸಾಲು ಆಜ್ಞೆಗಳ ಒಂದು ಪುಟ್ಟ ಪ್ರೋಗ್ರಾಂ, ಮಾಡುತ್ತಿತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಇನ್ನೂರು ಸಾಲು. ಅದು ಹೇಗೆ ನಡೆಯುತ್ತದೆಂದು ಯಾರೂ ಕೇಳಿರಲಿಲ್ಲ. ಅವನಿಗೆ ಅದೇ ಹೆಮ್ಮೆ.

ಹೆಂಡತಿಯ ತಂಗಿಯನ್ನು ಅಲ್ಲಿಗೆ ಸೇರಿಸಿದವನೂ ಅವನೇ. ಮೂರೇ ತಿಂಗಳಲ್ಲಿ ಅವಳು ಅದೇ ಕೆಲಸವನ್ನು ಚಿತ್ರದ ಹಾಗೆ ಕಟ್ಟಿಟ್ಟಳು: ಪರದೆಯ ಮೇಲೆ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ಗೆರೆ, ಸಾಗಿದ್ದು ಹಸಿರು, ನಿಂತದ್ದು ಕೆಂಪು. ಲ್ಯಾಬಿನ ಮುಖ್ಯ ವೈದ್ಯೆ ಕುರ್ಚಿ ಎಳೆದುಕೊಂಡು ಕೂತು ಅರ್ಧ ಗಂಟೆ ನೋಡಿದರು.

"ನಮ್ಮ ವರದಿ ಹೀಗೆ ಹೋಗುತ್ತಾ? ಇಷ್ಟು ವರ್ಷ ಯಾರೂ ತೋರಿಸಿರ್ಲಿಲ್ಲ ನೋಡು."

ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಮನೆಯಲ್ಲಿ ಹೆಂಡತಿ ತಂಗಿಯನ್ನು ಹೊಗಳಿದಾಗ, "ಡಬ್ಬಿ ಜೋಡಿಸೋಕೆ ಎಂಜಿನಿಯರೇ ಬೇಕಾ?" ಎಂದು ತಟ್ಟೆ ಸರಿಸಿ ಎದ್ದ.

ವೈದ್ಯೆ ಒಂದು ವಾರ ಗಡುವು ಕೊಟ್ಟರು. ಕಳಿಸುವುದು ಅವನ ಸ್ಕ್ರಿಪ್ಟೇ; ಅವಳ ಡಬ್ಬಿಗಳು ದಿನಕ್ಕೆ ಎಷ್ಟು ವರದಿ ಎಂಬ ಲೆಕ್ಕವನ್ನಷ್ಟೇ ತೋರಿಸಬೇಕು. ಹೋಲಿಸಿ ನೋಡಿ ಒಂದನ್ನು ಆರಿಸಬೇಕು.

ಮೂರನೆಯ ದಿನ ಅವಳ ಲೆಕ್ಕ ನಾನೂರ ಹನ್ನೆರಡು, ಅವನದು ನಾನೂರ ಒಂಬತ್ತು. ಅವಳು ಒಂದನ್ನೇ ಎರಡು ಸಲ ಎಣಿಸುತ್ತಿದ್ದಾಳೆಂದು ಅವನು ಒಳಗೊಳಗೇ ಹಿಗ್ಗಿದ. ಸಾಕ್ಷಿ ಹುಡುಕಲು ಕೂತರೆ ಸಿಕ್ಕಿದ್ದೇ ಬೇರೆ. ಮೂರು ವಾರದ ಹಿಂದೆ ಬಂದ ಹೊಸ ಯಂತ್ರ ಕೆಲವು ಫೈಲುಗಳ ಹೆಸರಿನ ನಡುವೆ ಖಾಲಿ ಜಾಗ ಬಿಡುತ್ತಿತ್ತು. ಅವನ ಸ್ಕ್ರಿಪ್ಟು ಒಂದು ಹೆಸರನ್ನು ಎರಡೆಂದು ತಿಳಿದು, ಯಾವುದೂ ಸಿಗದೆ, ತುಟಿಪಿಟಕ್ಕೆನ್ನದೆ ಮುಂದೆ ಹೋಗುತ್ತಿತ್ತು. ಅರವತ್ತೊಂದು ವರದಿಗಳು ಯಾರಿಗೂ ತಲುಪಿರಲಿಲ್ಲ.

ಅದು ಒಂದೇ ಹೆಸರೆಂದು ಸ್ಕ್ರಿಪ್ಟಿಗೆ ತಿಳಿಯಲು ಹೆಸರಿನ ಆಚೀಚೆ ಎರಡು ಕೋಟ್ ಗುರುತು ಹಾಕಿದರೆ ಸಾಕಿತ್ತು. ಹಾಕಿಯೂ ಹಾಕಿದ. ಯಾರಿಗೂ ಗೊತ್ತಾಗುವಂತಿರಲಿಲ್ಲ. ಆದರೆ ತಲುಪದ ವರದಿಗಳ ಪಟ್ಟಿಯಲ್ಲಿ ಒಂದು ಕಡೆ ಕಣ್ಣು ನಿಂತಿತು: ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಒಬ್ಬ ಹೆಂಗಸಿಗೆ ಐದಕ್ಕೆ ಇಳಿದಿತ್ತು.

ಪಟ್ಟಿ ಒಯ್ದು ನಾದಿನಿಯ ಮೇಜಿನ ಮೇಲಿಟ್ಟ. "ನನ್ ಸ್ಕ್ರಿಪ್ಟ್ ಇವನ್ನೆಲ್ಲ ನುಂಗಿಬಿಟ್ಟಿದೆ."

"ಅಯ್ಯೋ ಭಾವ, ಲೆಕ್ಕ ಸೇರ್ತಿಲ್ಲ ಅಂತ ಬೆಳಗ್ಗೆಯಿಂದ ನನ್ನ ಡಬ್ಬಿಗಳನ್ನೇ ತಡಕಾಡ್ತಿದ್ದೆ. ನಿಮ್ದು ತಪ್ಪಿರುತ್ತೆ ಅಂತ ಅನ್ನಿಸ್ಲೇ ಇಲ್ಲ."

ಅವನು ಪಟ್ಟಿ ಎತ್ತಿಕೊಂಡು ವೈದ್ಯೆಯ ಕೋಣೆಗೆ ನಡೆದ.

ವೈದ್ಯೆಯ ಬೈಗುಳವನ್ನು ಅವನೊಬ್ಬನೇ ತಿಂದ. ಯಾವುದು ಇರಲಿ ಎಂದು ಅವರು ಕೇಳಿದಾಗ, "ಅವಳ್ದೇ ಇರ್ಲಿ ಮೇಡಂ. ಕೆಟ್ಟು ನಿಂತ್ರೆ ಯಾರ ಕಣ್ಣಿಗಾದ್ರೂ ಕಾಣುತ್ತೆ. ಹಳೇ ಯಂತ್ರಗಳು ಗಂಟು ಕಟ್ಟಿ ಕೊಡೋ ಫೈಲು ಬಿಡಿಸಿ ಓದೋದು ಮಾತ್ರ ಡಬ್ಬಿಗಳಿಂದ ಆಗಲ್ಲ. ಅದನ್ನ ನನ್ ಸ್ಕ್ರಿಪ್ಟ್ ಮಾಡ್ಲಿ" ಎಂದ.

ಅಂದು ಮಧ್ಯಾಹ್ನವೆಲ್ಲ ಅರವತ್ತೊಂದು ಮನೆಗಳಿಗೆ ಫೋನು. ಅವನು ನಂಬರ್ ಓದುವುದು, ಅವಳು ಮಾತಾಡುವುದು. ಹಿಮೋಗ್ಲೋಬಿನ್ ಇಳಿದಿದ್ದ ಹೆಂಗಸನ್ನು ಗಂಡ ಆಗಲೇ ಆಸ್ಪತ್ರೆಗೆ ಸೇರಿಸಿದ್ದ, ಚೇತರಿಸಿಕೊಳ್ಳುತ್ತಿದ್ದಳಂತೆ. ರೇಗಿ ಬಿದ್ದವರನ್ನೂ ನಾದಿನಿ ಎರಡೇ ಮಾತಿನಲ್ಲಿ ತಣ್ಣಗೆ ಮಾಡುತ್ತಿದ್ದಳು. ಕೇಳುತ್ತ ಕೂತವನಿಗೆ ಅದಕ್ಕೂ ಸ್ವಲ್ಪ ಹೊಟ್ಟೆ ಉರಿಯಿತು. ಮುಂದಿನ ನಂಬರ್ ಓದಿದ.