ಬಳೆಗಾರರ ನೂಲಿನ ದಫ್ತರ

ಮಾನ್ವಿಯ ಬಜಾರಿನಲ್ಲಿ ಬಸವಲಿಂಗನ ಬಳೆ ಅಂಗಡಿ ಎಲ್ಲಿ ಎಂದು ಗಂಡಸರನ್ನು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ, ಹೆಂಗಸರು ಕಣ್ಣು ಮುಚ್ಚಿಕೊಂಡು ತೋರಿಸುತ್ತಾರೆ. ಆಚೆ ಈಚೆ ಎರಡು ಮೊಬೈಲ್ ಅಂಗಡಿಗಳು ಒತ್ತಿಕೊಂಡು ಬಂದು ಅದು ನಡುವೆ ಸಿಕ್ಕಿಹಾಕಿಕೊಂಡಿದೆ. ಮುಂದೆ ಅಂಗಡಿ, ಹಿಂದೆಯೇ ಮನೆ. ನಿಜಾಮರ ಕಾಲದಲ್ಲಿ ಅವನ ಮುತ್ತಾತ ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಕುರ್ಡಿ, ಅರಕೇರಾ, ದೇವದುರ್ಗ ಎಂದು ಊರೂರು ನಡೆಯುತ್ತಿದ್ದ. ಬಸವಲಿಂಗ ಟಿವಿಎಸ್ ಗಾಡಿಯ ಹಿಂದೆ ಬಳೆಯ ಡಬ್ಬಿಗಳನ್ನು ಬಿಗಿದುಕೊಂಡು ಅದೇ ಊರುಗಳಿಗೆ ಹೋಗುತ್ತಿದ್ದ. ನಡಿಗೆ ಹೋಗಿ ಗಾಡಿ ಬಂದರೂ ಕೂಗು ಮಾತ್ರ ಮುತ್ತಾತನದೇ: "ಬಳೀ ಇಡಸ್ಕೊಳ್ರೆವ್ವಾ, ಬಳೀ."

ಆ ಕೂಗಿನ ಮೇಲೆ ಅವನಿಗೆ ಭಾರಿ ಅಭಿಮಾನ. ವ್ಯಾಪಾರ ನಡೆಯುವುದೇ ತನ್ನ ಗಂಟಲಿನಿಂದ ಎಂದುಕೊಂಡಿದ್ದ. ಅದು ನಡೆಯುತ್ತಿದ್ದದ್ದು ಹೆಂಡತಿ ವೀರಭದ್ರಮ್ಮನ ಸೂಜಿಯಿಂದ ಎಂಬುದು ಆಕೆ ಹೋದ ಮೇಲೆ, ಅದೂ ಒಂದು ಮನೆಯ ಬಾಗಿಲಲ್ಲಿ ಮುಖಭಂಗವಾದ ಮೇಲೆ ಅವನಿಗೆ ತಿಳಿಯಿತು. ಗಂಡಸರಿಗೆ ಇಂಥವು ತಿಳಿಯುವುದೇ ಹೀಗೆ, ತಡವಾಗಿ.

ಸೂಜಿಯ ಮಾತು ಹೇಳಬೇಕಾದರೆ ದಫ್ತರದ ಮಾತು ಮೊದಲು ಹೇಳಬೇಕು. ಎಣ್ಣೆಯವನಿರಲಿ, ಅರಳೆಯವನಿರಲಿ, ಹಿಂದಿನ ಎಲ್ಲ ಅಂಗಡಿಕಾರರೂ ರೊಕ್ಕದ ಲೆಕ್ಕಕ್ಕೆ ದಫ್ತರ ಇಡುತ್ತಿದ್ದರು. ಈ ಬಳೆಗಾರರ ದಫ್ತರದಲ್ಲಿ ರೊಕ್ಕದ ಸುದ್ದಿಯೇ ಇಲ್ಲ. ಊರಿಗೊಂದು ಭಾಗ, ಮನೆಗೊಂದು ಹಾಳೆ. ಹಾಳೆಯಲ್ಲಿ ಆ ಮನೆಯ ಹೆಂಗಸರ ಹೆಸರುಗಳು, ಪ್ರತಿ ಹೆಸರಿನ ಪಕ್ಕ ಒಂದು ನೂಲು. ಹೆಬ್ಬೆರಳನ್ನು ಒಳಗೆ ಮಡಚಿಸಿ, ಕೈಯ ಸುತ್ತ ನೂಲು ಸುತ್ತಿ, ಅಳತೆಗೆ ಕತ್ತರಿಸಿ, ಒಂದು ತುದಿಯನ್ನು ಹಾಳೆಗೆ ಹೊಲಿದು ಇನ್ನೊಂದು ತುದಿಯನ್ನು ಬಿಡುವುದು. ಆ ನೂಲು ನೋಡಿಕೊಂಡು ಬಳೆ ಒಯ್ದರೆ ಕೈ ನೋಯುವುದಿಲ್ಲ, ಬಳೆ ಒಡೆಯುವುದಿಲ್ಲ.

ಹೆಂಗಸೊಬ್ಬಳು ತೀರಿಕೊಂಡರೆ ಅವಳ ನೂಲನ್ನು ಕಿತ್ತು ಮನೆಯವರಿಗೆ ಕೊಡಬೇಕು, ಅವರು ಅದನ್ನು ಅವಳ ಕೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಹೀಗಾಗಿ ಮುತ್ತಾತನ ಕಾಲದ ಹಾಳೆಗಳಲ್ಲಿ ಈಗ ಉಳಿದಿರುವುದು ಹೆಸರು ಮತ್ತು ಸೂಜಿಯ ತೂತು. ಗಂಡ ತೀರಿಕೊಂಡರೆ ನೂಲು ಕೀಳುವುದಿಲ್ಲ, ಬಿಟ್ಟ ತುದಿಗೆ ಒಂದು ಗಂಟು ಹಾಕುತ್ತಾರೆ. ಗಂಟು ಬಿದ್ದ ಮನೆಯ ಮುಂದೆ ಬಳೆಗಾರ ಕೂಗಬಾರದು. ಹಾಗಂತ ಆ ಮನೆಯನ್ನು ದಾಟಿ ಹೋಗಲೂ ಬಾರದು, ದಾಟಿ ಹೋದರೆ ಇಲ್ಲಿ ಬಳೆ ಇಡುವವಳಿಲ್ಲ ಎಂದು ಓಣಿಗೆಲ್ಲ ಸಾರಿದ ಹಾಗೆ. ತಿರುವಿನಲ್ಲೇ ಕೂಗು ನಿಲ್ಲಿಸಿ, ಆ ಮನೆಯ ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಆರಾಮಿದ್ದೀರಾ ಎಂದು ಒಂದು ಮಾತು ಕೇಳಿ ಏಳಬೇಕು. ಆಕೆಯೇ ಕೈ ಚಾಚಿದರೆ ಬಳೆ ಇಡಿಸಬೇಕು. ಈಗೀಗ ಹಾಗೆ ಚಾಚುವವರೂ ಇದ್ದಾರೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಮೊದಲು ಚಾಚುವವಳು ಆಕೆಯೇ ಆಗಿರಬೇಕು.

ಬಳೆಗಳಿಗೆ ನಂಬರು ಬಂದು ಎಷ್ಟೋ ಕಾಲವಾಗಿ ನೂಲಿನ ಅಳತೆ ಯಾರಿಗೂ ಬೇಡವಾಗಿತ್ತು. ಬಸವಲಿಂಗ ಒಮ್ಮೆ, "ಇದನ್ಯಾಕ ಇನ್ನಾ ಇಟ್ಕೊಂಡೀದಿ?" ಎಂದು ಕೇಳಿದ್ದ. "ಅಳತಿ ಸಲುವಾಗಿ ಅಲ್ರಿ, ಗಂಟಿನ ಸಲುವಾಗಿ," ಎಂದಿದ್ದಳು ವೀರಭದ್ರಮ್ಮ. ಸಂತೆಗೆ ಬಂದ ಹೆಂಗಸರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಊರ ಸುದ್ದಿ ಹೇಳುತ್ತಿದ್ದರು. ಆಕೆ ಬಳೆ ಇಡಿಸುತ್ತ ಕೇಳಿಸಿಕೊಂಡು, ಆಮೇಲೆ ಒಳಗೆ ಹೋಗಿ ಗಂಟು ಹಾಕುತ್ತಿದ್ದಳು. ಅವನು ಗಾಡಿ ಹತ್ತುವಾಗ, "ಅರಕೇರಾದಾಗ ಬಾವಿ ಹಂತೇಕಿನ ಮನ್ಯಾಗ ನೀರು ಕುಡೀರಿ," ಎಂದಿಷ್ಟೇ ಹೇಳುವಳು. ಅವನು ಹೋಗಿ ನೀರು ಕುಡಿದು ಬರುವನು. ಅದೇ ಅವರಿಬ್ಬರ ಸಂಸಾರ. ಮಕ್ಕಳಾಗಿರಲಿಲ್ಲ.

ಯುಗಾದಿ ಕಳೆದ ಮೇಲೆ ವೀರಭದ್ರಮ್ಮ ಜ್ವರವೆಂದು ಮಲಗಿದಳು, ರಾಯಚೂರಿನ ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ. ಮಣ್ಣಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: "ಮುತ್ತೈದಿಯಾಗಿ ಹೋದ್ಲು, ಪುಣ್ಯವಂತಿ." ಹೇಳಿದವರ ಮುಖದಲ್ಲಿ ಸಮಾಧಾನವಿತ್ತು. ಆ ಪುಣ್ಯದಲ್ಲಿ ಬಸವಲಿಂಗನ ಪಾಲಿಗೆ ಏನು ಬಂತು ಎಂದು ಯಾರೂ ಕೇಳಲಿಲ್ಲ. ಒಳ್ಳೆಯ ಸಾವು ಬಂದ ಮನೆಯಲ್ಲಿ ಹೆಚ್ಚು ಹೊತ್ತು ಕೂರುವ ಅಗತ್ಯವೂ ಯಾರಿಗೂ ಕಾಣಲಿಲ್ಲ, ಎದ್ದು ಹೋದರು.

ಮಣ್ಣು ಮಾಡುವ ಮೊದಲು ಹಿರಿಯರು ಅವಳ ನೂಲು ಕೇಳಿದಾಗ ಅವನು, "ಸಿಗವಲ್ದು," ಎಂದುಬಿಟ್ಟ. ಸಿಗದೆ ಏನು, ದಫ್ತರದ ಮೊದಲ ಹಾಳೆಯಲ್ಲೇ ಇತ್ತು. ಮದುವೆಗೆ ಮುಂಚೆ ದೇವದುರ್ಗದಲ್ಲಿ ಅವಳ ತವರಿಗೆ ಅಪ್ಪನ ಜೊತೆ ಬಳೆ ಒಯ್ದಾಗ ಅವನೇ ಅಳೆದ ನೂಲು ಅದು. ಕೈ ನಡುಗಿ ಉದ್ದ ಕತ್ತರಿಸಿದ್ದ. ಆಕೆ ಮತ್ತೆ ಅಳೆಯಲು ಬಿಡಲೇ ಇಲ್ಲ. "ಇದು ನಿಮ್ಮ ನಡುಗೋ ಕೈ ಅಳತಿ, ಇರ್ಲಿ," ಎಂದು ನಗುತ್ತ, ಜೀವಮಾನವಿಡೀ ದೊಡ್ಡ ಬಳೆಯನ್ನೇ ಇಟ್ಟುಕೊಂಡಳು. ರೊಟ್ಟಿ ಬಡಿಯುವಾಗ ಆ ಬಳೆಗಳು ಮೊಣಕೈತನಕ ಓಡಾಡಿ ಮನೆತುಂಬ ಸದ್ದು ಮಾಡುತ್ತಿದ್ದವು.

ಈಗ ಸದ್ದಿಲ್ಲ. ಅಂಗಡಿಯ ತುಂಬ ಬಳೆ, ಒಂದೂ ಮಾತಾಡುವುದಿಲ್ಲ. ಅವನು ಒಂದು ಹೊತ್ತು ಅನ್ನ ಮಾಡಿಕೊಂಡು ಎರಡು ಹೊತ್ತು ಉಣ್ಣುತ್ತಿದ್ದ. ನೀರಿನ ಕೊಡದ ಮೇಲೆ ಗೋಡೆಯ ಮಾಡದಲ್ಲಿ ಅವಳ ಸ್ಟೀಲಿನ ಲೋಟ ಬೋರಲು ಬಿದ್ದಿತ್ತು. ತನ್ನ ಲೋಟವನ್ನಷ್ಟೇ ತೊಳೆಯುವನು, ಕುಡಿಯುವನು, ಅದರ ಪಕ್ಕ ಇಡುವನು.

ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಬಳೆಗಾರನಿಗೆ ಸುಗ್ಗಿ. ಕೂತಲ್ಲೇ ಕೂತರೆ ಹುಚ್ಚು ಹಿಡಿದೀತೆಂದು ಬಸವಲಿಂಗ ಡಬ್ಬಿ ಕಟ್ಟಿಕೊಂಡು ಕುರ್ಡಿಗೆ ಹೊರಟ. ಎಲ್ಲಿ ನೀರು ಕುಡಿಯಬೇಕೆಂದು ಹೇಳುವವರಿಲ್ಲ ಎಂಬುದು ಅವನಿಗೆ ಹೊಳೆಯಲೂ ಇಲ್ಲ. ಕುರಿಯ ಸಾಬಣ್ಣನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಸಾಬಣ್ಣನ ಹೆಂಡತಿ ಸೂಗಮ್ಮನಿಗೆ ಇಷ್ಟವಾದ ಹಸಿರು ಬಳೆಯ ಡಬ್ಬಿಯನ್ನು ಮೇಲೆ ತೆಗೆದು, ಗಂಟಲು ಬಿಚ್ಚಿ ಕೂಗಿದ.

ಸೂಗಮ್ಮ ಹೊರಗೆ ಬಂದಳು. ಎರಡೂ ಕೈ ಬರಿದು. ವೀರಭದ್ರಮ್ಮ ಆಸ್ಪತ್ರೆಯಲ್ಲಿದ್ದ ದಿನಗಳಲ್ಲೇ ಸಾಬಣ್ಣ ಕುರಿ ಮೇಯಿಸುತ್ತಿದ್ದಾಗ ಎದೆನೋವು ಬಂದು ಹೊಲದಲ್ಲೇ ತೀರಿಕೊಂಡಿದ್ದ. ಆ ಸುದ್ದಿ ಮಾನ್ವಿಗೆ ಬಂದಾಗ ಅಂಗಡಿಯ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ತಿರುಗಿ ನೋಡಿದರು. ಸೂಗಮ್ಮ ಬಾಗಿಲ ಚೌಕಟ್ಟು ಹಿಡಿದು ಅವನನ್ನೇ ನೋಡಿದಳು, ಬಯ್ಯಲಿಲ್ಲ. ಬಸವಲಿಂಗನ ಕೈಯಲ್ಲಿ ಹಸಿರು ಬಳೆಯ ಡಬ್ಬಿ ಹಾಗೇ ಇತ್ತು. ಗಾಡಿ ತಿರುಗಿಸಿ ಊರು ಬಿಟ್ಟ. ದಾರಿಯುದ್ದಕ್ಕೂ ಮುತ್ತಾತ, ಅಜ್ಜ, ಅಪ್ಪ ಮೂವರೂ ಎದುರಿಗೆ ಬಂದು ನಿಂತ ಹಾಗಾಗಿ ಅವನ ಮಾನ ಹೋಯಿತು.

ಅಂದೇ ಸುತ್ತಾಟ ಬಿಟ್ಟ. ಹೆಂಡತಿಯಿಲ್ಲದೆ ಈ ಕೆಲಸ ತನ್ನಿಂದಾಗದು, ಇನ್ನೊಬ್ಬಳ ಬಾಗಿಲಲ್ಲಿ ಇನ್ನೊಮ್ಮೆ ಹೀಗಾಗುವುದು ಬೇಡ ಎಂದುಕೊಂಡ.

ರಾಯಚೂರಿನಿಂದ ಜೋಯಾ ಬಂದದ್ದು ಆಗ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ಹಳ್ಳಿಯ ಹಳೆಯ ಅಂಗಡಿಕಾರರ ಮತ್ತು ಕಸುಬುದಾರರ ದಫ್ತರಗಳನ್ನು ಹುಡುಕಿ ಕೂಡಿಸುತ್ತಿದ್ದಳು. ದೇವದುರ್ಗದ ಕಂಬಳಿ ವ್ಯಾಪಾರಿಯೊಬ್ಬನ ಕಾಗದಗಳು, ಒಬ್ಬ ಗಾಣಿಗನ ಲೆಕ್ಕ ಆಗಲೇ ಅವಳ ಕೈಸೇರಿದ್ದವು. ಬಸವಲಿಂಗ ಹೋಟೆಲಿನಿಂದ ಕಾಗದದ ಕಪ್ಪಿನಲ್ಲಿ ಚಹಾ ತರಿಸಿ, ದಫ್ತರವನ್ನು ಅವಳ ಮುಂದೆ ಬಿಚ್ಚಿದ. ಅವಳು ದುಪಟ್ಟಾದ ಅಂಚಿನಲ್ಲಿ ಕೈ ಒರೆಸಿಕೊಂಡು ಮುಟ್ಟಿದಳು. ಅದು ಅವನಿಗೆ ಹಿಡಿಸಿತು.

"ಈ ತೂತು ಯಾಕ್ರಿ ಕಾಕಾ?"

"ಆ ಹೆಣ್ಮಕ್ಕಳು ತಮ್ಮ ನೂಲು ತಗೊಂಡು ಹೋಗ್ಯಾರವ್ವಾ."

ಗಂಟಿನ ಸಂಗತಿಯನ್ನೂ ಹೇಳಿದ. ಬರೆದುಕೊಳ್ಳುತ್ತಿದ್ದ ಜೋಯಾ ಪೆನ್ನು ನಿಲ್ಲಿಸಿದಳು. "ಹೆಂಡ್ತಿ ಹೋದ ಮನಿಗೆ ಏನು ಗುರುತು ಹಾಕ್ತಿದ್ರಿ?"

ಬಸವಲಿಂಗ ಯೋಚಿಸಿದ. ಇಷ್ಟು ವರ್ಷ ಆ ದಫ್ತರ ಮನೆಯಲ್ಲಿದ್ದರೂ ಈ ಪ್ರಶ್ನೆ ಅವನಿಗೆ ಬಂದಿರಲಿಲ್ಲ. "ಅದಕ್ಕ ಗುರುತಿಲ್ಲವ್ವಾ," ಎಂದ. "ಗಂಡಸರು ಬಳಿ ಇಡಸ್ಕೊಳ್ಳೂದಿಲ್ಲಲ್ಲ."

ಇನ್ನು ತನಗೆ ಇದರಿಂದ ಏನು ಕೆಲಸ ಎಂದುಕೊಂಡು, ಸೋಮವಾರ ಬಂದು ದಫ್ತರ ಒಯ್ಯಿರಿ ಎಂದು ಹೇಳಿ ಕಳಿಸಿದ. ಆಮೇಲೆ ಮೊದಲ ಹಾಳೆ ತೆಗೆದು ಕತ್ತರಿ ಹಿಡಿದು ಕೂತ. ವೀರಭದ್ರಮ್ಮನ ನೂಲನ್ನು ಕೊಟ್ಟುಬಿಟ್ಟರೆ ಅದು ರಾಯಚೂರಿನ ಯಾವುದೋ ಕಪಾಟು ಸೇರುತ್ತದೆ. ಕಿತ್ತಿಟ್ಟುಕೊಂಡರೆ ಅವಳೂ ತೂತಾಗುತ್ತಾಳೆ. ಎರಡೂ ಅವನಿಂದಾಗಲಿಲ್ಲ. ಕತ್ತರಿಯನ್ನು ಕೆಳಗಿಟ್ಟು ಹಾಗೇ ಒರಗಿಕೊಂಡ. ಹೇಳಿಕೊಳ್ಳಲು ಒಬ್ಬರಿದ್ದಿದ್ದರೆ ಎಂದು ಬಹಳ ಅನಿಸಿತು. ಇಂಥದ್ದನ್ನೆಲ್ಲ ಅವನು ಹೇಳಿಕೊಳ್ಳುತ್ತಿದ್ದದ್ದು ಅವಳೊಬ್ಬಳ ಹತ್ತಿರ.

ಭಾನುವಾರ ಮಧ್ಯಾಹ್ನ ಬಿಸಿಲಿಗೆ ಬಜಾರು ಖಾಲಿಯಾಗಿತ್ತು. ಮೆಟ್ಟಿಲ ಮೇಲೆ ಯಾರೋ ಕೂತ ಹಾಗಾಯಿತು. ಬಸವಲಿಂಗ ತಲೆಯೆತ್ತಿ ನೋಡಿದರೆ ಸೂಗಮ್ಮ. ಬಸ್ಸಿಳಿದು ಬಂದಿದ್ದಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅವನಿಗೆ ಎದ್ದು ಒಳಗೆ ಓಡಿಹೋಗಬೇಕು ಎನಿಸಿತು.

"ನೀರು ಕೊಡ್ರಿ ಬಳಿಗಾರಪ್ಪ," ಎಂದಳು.

ಒಳಗೆ ಹೋದ. ತನ್ನ ಲೋಟ ಎಂಜಲಾಗಿತ್ತು. ಬೋರಲಿದ್ದ ಲೋಟವನ್ನೇ ಎತ್ತಿ, ಮೇಲಿನ ಧೂಳು ತೊಳೆದು, ನೀರು ತುಂಬಿ ತಂದುಕೊಟ್ಟ. ಸೂಗಮ್ಮ ಒಂದೇ ಉಸಿರಿಗೆ ಕುಡಿದು ಲೋಟವನ್ನು ಪಕ್ಕಕ್ಕಿಟ್ಟಳು.

"ಆರಾಮದೀರೇನ್ರಿ?" ಎಂದು ಕೇಳಿದಳು.

ಬಸವಲಿಂಗ ಬಂದು ತನ್ನ ಜಾಗದಲ್ಲಿ ಕೂತ. "ಯವ್ವಾ, ಅವತ್ತ ನನ್ನಿಂದ ತಪ್ಪಾತು," ಎಂದ. "ಸಾಬಣ್ಣ ಹೋದದ್ದು ನನಗ ಗೊತ್ತಿರಲಿಲ್ಲ."

"ಗೊತ್ತಿದ್ದು ಯಾರು ಕೂಗ್ತಾರ. ಕೂಗಿದ್ದಕ್ಕ ನನಗೇನೂ ಅನಿಸಿಲ್ರಿ. ಅವ ಇದ್ದಾಗ ಹೆಂಗ ಕೂಗ್ತಿದ್ರಿ ಹಂಗ ಕೂಗಿದ್ರಿ. ಒಂದ್ ಗಳಿಗಿ ಅವ ಇನ್ನಾ ಅದಾನ ಅನಿಸ್ತು." ಖಾಲಿ ಲೋಟವನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದಳು. "ನೀರು ಕುಡೀಲಾರದ ತಿರುಗಿ ಹೋದ್ರಲ್ಲ, ಅದು ಬಾಳ ಕೆಟ್ಟ ಅನಿಸ್ತು. ನಮ್ಮತ್ತಿ ಒಬ್ಬಾಕಿ ಆದಾಗ ನಿಮ್ಮಪ್ಪಾರು ತಪ್ಪಲಾರದ ಬಂದು ನೀರು ಕುಡದು ಹೋಗ್ತಿದ್ರು."

ಬಸವಲಿಂಗ ತಲೆ ತಗ್ಗಿಸಿದ. ಇಷ್ಟು ದಿನ ಅವನು ನಾಚಿಕೊಂಡದ್ದೆಲ್ಲ ಬೇರೆ ತಪ್ಪಿಗೆ.

"ವೀರಮ್ಮಕ್ಕ ಹೋದದ್ದು ನನಗೂ ಗೊತ್ತಿರಲಿಲ್ಲ. ಮೊನ್ನಿ ಯಾರೋ ಹೇಳಿದ್ರು, ಅದಕ್ಕ ಬಂದೆ." ಅವಳ ಕಣ್ಣು ಅವನ ಮುಂದೆ ತೆರೆದಿದ್ದ ದಫ್ತರದ ಮೇಲೆ ಬಿತ್ತು. ಆ ನೂಲುಗಳ ಸಂಗತಿ ಆ ಸೀಮೆಯ ಹೆಂಗಸರಿಗೆಲ್ಲ ಗೊತ್ತು. "ಅಕ್ಕನ ನೂಲು ಇನ್ನಾ ಅದ?"

"ಅದ. ನಾ ಕೀಳಲಿಲ್ಲ."

"ಗಂಟು ಹಾಕೀರೇನು?"

"ಗಂಡ ಸತ್ತವರಿಗೆ ಅಲ್ಲೇನವ್ವಾ ಗಂಟು ಹಾಕೂದು. ಆಕಿ ಮುತ್ತೈದಿಯಾಗಿ ಹೋದ್ಲು."

"ಗಂಟು ಆಕಿಗ್ಯಾಕ್ರಿ, ಮನಿಗೆ," ಎಂದಳು ಸೂಗಮ್ಮ. "ಈ ಮನ್ಯಾಗ ಒಬ್ಬರೇ ಉಳದಾರ, ಹೋಗಿ ಕುಂತು ನೀರು ಕುಡೀರಿ ಅಂತ ಬರೋರಿಗೆ ತಿಳೀಲಿ ಅಂತ. ಕೊಡ್ರಿ ಇಲ್ಲಿ."

ದಫ್ತರವನ್ನು ತೊಡೆಯ ಮೇಲೆ ಎಳೆದುಕೊಂಡು ಬಿಟ್ಟ ತುದಿಯನ್ನು ಹಿಡಿದಳು. "ಬಾಳ ಉದ್ದ ಅದಲ್ರಿ ಇದು," ಎಂದಳು. ಕೈ ನಡುಗಿದ್ದರ ಕತೆಯನ್ನು ಬಸವಲಿಂಗ ಹೇಳಿದ. ಹೆಂಡತಿ ಹೋದ ಮೇಲೆ ಅವನು ಯಾರಿಗಾದರೂ ಇಷ್ಟು ಮನಸ್ಸು ಬಿಚ್ಚಿ ಹೇಳಿದ್ದು ಅದೇ ಮೊದಲು. ಸೂಗಮ್ಮ ನಕ್ಕಳು, ನಗುತ್ತಲೇ ಬರಿಗೈಯಿಂದ ಗಂಟು ಹಾಕಿದಳು. ಬಸವಲಿಂಗನಿಗೆ ಅಳು ಬಂತು, ಅಡಗಿಸಿಕೊಳ್ಳಲೂ ಹೋಗಲಿಲ್ಲ. ಅವಳು ನೋಡದವಳ ಹಾಗೆ ದಫ್ತರ ಮುಚ್ಚಿಟ್ಟಳು.

"ನಂದು ನೀವ ಹಾಕ್ರಿ," ಎಂದು ಎದ್ದಳು. "ಇನ್ನ ಮ್ಯಾಲ ಕುರ್ಡಿಗೆ ಬಂದ್ರ ಮೊದಲ ನಮ್ಮ ಮನಿಗೆ ಬರ್ರಿ. ಊರಾಗ ಎಲ್ಲಿ ನೀರು ಕುಡೀಬೇಕು ನಾ ಹೇಳ್ತೀನಿ." ಬಳೆಗಳ ಕಡೆ ಒಮ್ಮೆ ನೋಡಿದಳು, ಕೈ ಚಾಚಲಿಲ್ಲ. ಬಸ್ ನಿಲ್ದಾಣದ ಕಡೆ ಬಿಸಿಲಲ್ಲಿ ನಡೆದುಹೋದಳು.

ಬಸವಲಿಂಗ ಜೋಯಾಗೆ ಫೋನ್ ಮಾಡಿ, "ಬರ್ರಿ, ಎಷ್ಟು ಬೇಕಾದ್ರೂ ಫೋಟೋ ತಗೊಳ್ರಿ, ದಫ್ತರ ಇಲ್ಲೇ ಇರ್ಲವ್ವಾ, ಕೆಲಸದಾಗ ಅದ," ಎಂದ. ಕುರ್ಡಿಯ ಹಾಳೆ ಹುಡುಕಿ ಸೂಗಮ್ಮನ ನೂಲಿಗೆ ಗಂಟು ಹಾಕಿದ. ಅವನ ಜೀವಮಾನದ ಮೊದಲ ಗಂಟು ಅದು, ಸೊಟ್ಟಗೆ ಬಂತು. ವೀರಭದ್ರಮ್ಮ ಇದ್ದಿದ್ದರೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ಅಂಗಡಿಯಲ್ಲಿ ಮತ್ತೆ ಮೊದಲಿನ ಹಾಗೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲಿದ್ದ ಲೋಟವನ್ನು ಎತ್ತಿಕೊಂಡು ಒಳಗೆ ಹೋಗಿ, ತನ್ನ ಲೋಟದ ಜೊತೆ ಅದನ್ನೂ ತೊಳೆದ. ಎರಡನ್ನೂ ಒರೆಸಿ, ಈ ಸಲ ಬೋರಲು ಹಾಕದೆ, ಕೊಡದ ಪಕ್ಕದಲ್ಲಿ ಇಟ್ಟ.