ಹನ್ನೆರಡು ಸ್ಟೂಲು, ಹದಿನಾಲ್ಕು ಹೆಂಗಸರು

ಅತ್ಯಂತ ಗಂಭೀರವಾದ ವಿಷಯವೊಂದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡ ಬೀದಿಯ ನಾಲ್ಕು ಮಹಡಿಯ ಬಟ್ಟೆ ಅಂಗಡಿಗೆ ಹನ್ನೆರಡು ಸ್ಟೂಲುಗಳು ಬಂದವು. ಪ್ಲಾಸ್ಟಿಕ್ಕಿನವು, ಬೂದು ಬಣ್ಣದವು, ಒರಗಲು ಬೆನ್ನಿಲ್ಲದವು. ಒಂದರ ಕಾಲು ತುಸು ಗಿಡ್ಡ. ರಾಜ್ಯಗಳು ಏಳುವುದೂ ಬೀಳುವುದೂ ಸಿಂಹಾಸನಗಳಿಂದ ಎಂದು ಓದಿದವರು ಹೇಳುತ್ತಾರೆ. ಆ ಅಂಗಡಿಯಲ್ಲಿ ಹದಿನೈದು ದಿನ ನಡೆದದ್ದನ್ನು ಕಂಡವರು ಸಿಂಹಾಸನಕ್ಕೆ ಅಷ್ಟೊಂದು ಬೆಲೆ ಕೊಡಲಾರರು.

ಅಂಗಡಿಯ ನಿಯಮ ಸರಳವಾಗಿತ್ತು. ಕೌಂಟರಿನ ಹೆಂಗಸರು ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಕೂರಬಾರದು. "ಕೂತವಳನ್ನ ಕಂಡ್ರೆ ಗಿರಾಕಿಗೆ ಅಂಗಡೀನೇ ಮಲಗಿದ ಹಾಗೆ ಕಾಣತ್ತೆ" ಎನ್ನುವುದು ಮ್ಯಾನೇಜರನ ಮಾತು. ಅದನ್ನವನು ತಿರುಗುವ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ. ಗೋದಾಮಿನ ಗಂಡಸರು ಬಟ್ಟೆಯ ಗಂಟುಗಳ ಮೇಲೆ ಕೂರುತ್ತಿದ್ದರು. ಅಂಗಡಿ ಮಲಗಿದ್ದು ಅಲ್ಲಿ ಯಾರಿಗೂ ಕಾಣುತ್ತಿರಲಿಲ್ಲ.

ಎರಡನೇ ಮಹಡಿಯಲ್ಲಿ ಪರದೆ ಬಟ್ಟೆ ಮಾರುವವಳನ್ನು ಎಲ್ಲರೂ ಪರದೆಯಕ್ಕ ಎನ್ನುತ್ತಿದ್ದರು. ಗಿರಾಕಿ ಎರಡು ಕೈ ಚಾಚಿ "ಇಷ್ಟಗಲ ಕಿಟಕಿ" ಎಂದರೆ ಸಾಕು, ಎಷ್ಟು ಮೀಟರ್ ಬೇಕೆಂದು ಕಣ್ಣಳತೆಯಲ್ಲೇ ಹೇಳುವಷ್ಟು ಅನುಭವ. ಹದಿನಾಲ್ಕು ವರ್ಷ ನಿಂತು ನಿಂತು ಅವಳ ಮೀನಖಂಡದ ನರಗಳು ಬಳ್ಳಿ ಹಬ್ಬಿದ ಹಾಗೆ ಉಬ್ಬಿದ್ದವು. ಕೊನೆಗೊಂದು ದಿನ ಅವಳೇ ಮುಂದೆ ನಿಂತು, ತಾನೂ ಸೇರಿ ಕೌಂಟರಿನ ಹನ್ನೆರಡು ಹೆಂಗಸರ ಸಹಿ ಇರುವ ಅರ್ಜಿ ಸಿದ್ಧ ಮಾಡಿದಳು. ಕೂರಲು ತಲೆಗೊಂದು ಸ್ಟೂಲು ಕೊಡಿ, ಇಷ್ಟೇ.

ಅರ್ಜಿ ಕೊಡುವ ಮುನ್ನ ಅವಳು ನೆಲಮಾಳಿಗೆಗೆ ಇಳಿದಿದ್ದಳು, ಪರದೆಯ ಅಂಚು ಹೊಲಿಸಲು. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಇರುವವಳಿಗೆ ಸೂಜಿ ಎಂದೇ ಅಡ್ಡಹೆಸರು. ಕೆಲಸ ನೋಡಿಯೋ ನಾಲಿಗೆ ನೋಡಿಯೋ ಇಟ್ಟವರಿಗೇ ಗೊತ್ತು. ಚಿಕ್ಕಂದಿನಿಂದ ಒಂದು ಕಾಲು ಸಣಕಲು, ಕಂಕುಳಲ್ಲಿ ಊರುಗೋಲು. ಪಕ್ಕದಲ್ಲೊಂದು ರೇಡಿಯೋ. ಬಟ್ಟೆ ಸುತ್ತಿ ಬಂದ ಹಳೆಯ ಪತ್ರಿಕೆಯನ್ನೂ ಬಿಡದೆ ಓದುವವಳು.

ಸೂಜಿ ಅರ್ಜಿ ಓದಿದಳು. "ಹನ್ನೆರಡು ಜನ ಅಂದ್ರೆ? ಈ ಅಂಗಡೀಲಿ ಹದಿನಾಲ್ಕು ಹೆಂಗಸ್ರಿದ್ದೀವಿ."

"ನೀನು ಕೂತೇ ಇದ್ದೀಯಲ್ಲೇ. ಕೂತವಳಿಗೆ ಇನ್ನೊಂದು ಸ್ಟೂಲು ಯಾಕೆ?"

"ಸರಿ ಹೋಯ್ತು. ಟಾಯ್ಲೆಟ್ಟು ಎಷ್ಟನೇ ಮಹಡೀಲಿದೆ?"

"ಮೂರನೇದ್ರಲ್ಲಿ."

"ಲಿಫ್ಟು?"

"ಅದು ಗಿರಾಕಿಗಳಿಗೆ."

"ಹಾಗಾದ್ರೆ ಬೆಳಗ್ಗೆಯಿಂದ ಸಂಜೆತನಕ ನಾನು ಏನ್ ಕುಡೀತೀನಿ, ಹೇಳು ನೋಡೋಣ?"

ಪರದೆಯಕ್ಕ ಯಂತ್ರದ ಪಕ್ಕದ ನೀರಿನ ಬಾಟಲಿಯನ್ನು ನೋಡಿದಳು. ತುಂಬಿತ್ತು. ಮುಚ್ಚಳ ತೆಗೆದಂತೆ ಕಾಣಲಿಲ್ಲ.

"ಗಾಳಿ," ಎಂದಳು ಸೂಜಿ, ತಾನೇ ಉತ್ತರ ಕೊಟ್ಟು. "ಹದಿನಾಲ್ಕನೆಯವಳು ಯಾರು ಅಂತಾನೂ ನೀನು ಕೇಳ್ಲಿಲ್ಲ."

"ಮೊದ್ಲು ನಮ್ದಾಗ್ಲಿ ಮಾರಾಯ್ತಿ. ಆಮೇಲೆ ನಿಮ್ದು ನೋಡೋಣ. ಎಲ್ಲಾ ಒಟ್ಟಿಗೆ ಕೇಳಿದ್ರೆ ಯಾವ್ದೂ ಸಿಗಲ್ಲ."

"ಮೊದ್ಲು ನಮ್ದಾಗ್ಲಿ ಅಂತ ಗಂಡಸ್ರು ನಿಂಗೆ ಎಷ್ಟು ವರ್ಷದಿಂದ ಹೇಳ್ತಿದ್ದಾರೆ?"

ಪರದೆಯಕ್ಕನಿಗೆ ಮೇಲೆ ತುರ್ತು ಕೆಲಸ ನೆನಪಾಯಿತು. ಮೆಟ್ಟಿಲು ಹತ್ತಿ ಹೋದಳು.

ಸ್ಟೂಲುಗಳು ಬಂದವು. ಮೊದಲ ದಿನ ಹನ್ನೆರಡು ಮಂದಿಯೂ ಕೂತು ಕೂತು ಎದ್ದರು, ಎದ್ದು ಎದ್ದು ಕೂತರು.

ಹದಿನಾಲ್ಕನೆಯವಳು ನೆಲ ಒರೆಸುವವಳು. ದಿನವಿಡೀ "ಕಾಲೆತ್ತಿ ಅಕ್ಕಾ, ಸ್ವಲ್ಪ ಕಾಲೆತ್ತಿ" ಎನ್ನುತ್ತಾ ಕೌಂಟರುಗಳ ಅಡಿ ಬಟ್ಟೆ ಎಳೆಯುತ್ತಿದ್ದುದರಿಂದ ಅವಳಿಗೆ ಕಾಲೆತ್ತಮ್ಮ ಎಂದು ಹೆಸರು ಬಿದ್ದಿತ್ತು. ಅವಳನ್ನು ಕಳಿಸುವುದು ಯಾವುದೋ ಏಜೆನ್ಸಿ, ಅಂಗಡಿಯ ರಿಜಿಸ್ಟರಿನಲ್ಲಿ ಅವಳಿಲ್ಲ. ಮನೆ ದೊಡ್ಡ ಚರಂಡಿಯಾಚೆಯ ಸಾಲುಮನೆಗಳಲ್ಲಿ. ಆ ಸಾಲಿನವರು ತಲೆತಲಾಂತರದಿಂದ ಊರಿನ ಕೊಳೆ ತೆಗೆದವರು. ಕೊಳೆ ಮಾಡಿದವರನ್ನು ಬಿಟ್ಟು ತೆಗೆದವರನ್ನೇ ಕೊಳೆ ಎಂದು ತಿಳಿಯುವುದು ಲೋಕದ ಜಾಣತನ.

ಸ್ಟೂಲುಗಳಿಂದ ಅವಳಿಗಾದ ಲಾಭವನ್ನು ಅವಳೇ ಲೆಕ್ಕ ಹಾಕಿ ಹೇಳಿದಳು. "ಮೊದ್ಲು ನಿಮ್ಮ ಇಪ್ಪತ್ನಾಲ್ಕು ಕಾಲು ಎತ್ತಿಸ್ತಿದ್ದೆ. ಈಗ ಸ್ಟೂಲಿಂದು ನಲವತ್ತೆಂಟು ಜಾಸ್ತಿ. ಇವು ಹೇಳಿದ್ರೂ ಎತ್ತಲ್ಲ."

ಎಲ್ಲರೂ ನಕ್ಕರು. ನಗಿಸಿದವಳು ಬಕೆಟ್ ಎತ್ತಿಕೊಂಡು ಮೂರನೇ ಮಹಡಿಗೆ ಹೋದಳು.

ಒಂದು ವಾರ ಕಳೆಯಿತು. ಮಧ್ಯಾಹ್ನ ಮೂರು ಗಂಟೆ, ಗಿರಾಕಿಗಳಿಲ್ಲ. ಪರದೆಯಕ್ಕ ಏಣಿ ಹತ್ತಿ ಹೊಸ ಪರದೆ ತೂಗುಹಾಕುತ್ತಿದ್ದಳು. ನಾಲ್ಕು ಮಹಡಿ ಒರೆಸಿ ಬಂದಿದ್ದ ಕಾಲೆತ್ತಮ್ಮ ಖಾಲಿ ಸ್ಟೂಲಿನ ಮೇಲೆ ಎರಡು ನಿಮಿಷ ಕೂತಳು. ಪರದೆಯಕ್ಕ ಇಳಿದಾಗ ಎದ್ದು ನಿಂತಳು. ಪರದೆಯಕ್ಕ ಹೆಗಲ ಮೇಲಿದ್ದ ತುಂಡು ಬಟ್ಟೆಯಿಂದ ಸ್ಟೂಲನ್ನು ಒರೆಸಿ, ಕೂತಳು.

ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲವೇನೋ. ಕೆಲವು ಕೆಲಸಗಳನ್ನು ಕೈ ಅಜ್ಜಿಯಿಂದ ಕಲಿತಿರುತ್ತದೆ, ತಲೆಯನ್ನು ಕೇಳುವುದಿಲ್ಲ.

ಕಾಲೆತ್ತಮ್ಮ ಅದನ್ನು ನೋಡಿ ಬಕೆಟ್ ಕೈಗೆತ್ತಿಕೊಂಡಳು. "ಬೆಳಗ್ಗೆ ನಾನೇ ಒರ್ಸಿದ್ದೆ ಅಕ್ಕಾ ಅದನ್ನ," ಎಂದಳು. "ಇದೇ ಕೈಲಿ."

ಮೆಟ್ಟಿಲ ತುದಿಯಲ್ಲಿ ಮ್ಯಾನೇಜರ್ ನಿಂತಿದ್ದ. ಅವನೂ ನೋಡಿದ.

ಮರುದಿನ ನೆಲ ಒರೆಸಲು ಬೇರೆಯವರು ಬಂದರು. ಪರದೆಯಕ್ಕ ಮ್ಯಾನೇಜರನ ಕೋಣೆಗೆ ಹೋದಳು.

"ಅವಳೆಲ್ಲಿ ಸಾರ್?"

"ಬೇಡ ಅಂತ ಏಜೆನ್ಸಿಗೆ ಹೇಳ್ದೆ ಅಕ್ಕಾ." ಹದಿನಾಲ್ಕು ವರ್ಷ 'ಏನಮ್ಮ' ಎನ್ನುತ್ತಿದ್ದವನು ಅಂದು ಅಕ್ಕಾ ಎಂದ. "ಸ್ಟೂಲು ಕೊಟ್ಟಿದ್ದು ರಿಜಿಸ್ಟರಲ್ಲಿ ಹೆಸರಿರೋರಿಗೆ. ಆಮೇಲೆ, ನೀವೇ ಒರೆಸಿದ್ರಲ್ಲ? ನಿಮಗೇ ಹೇಸಿಗೆ ಆದ್ಮೇಲೆ ಗಿರಾಕಿಗೆ ಆಗಲ್ವಾ? ನಿಮ್ಮ ಮರ್ಯಾದೆ ಉಳಿಸೋಕೇ ಮಾಡಿದ್ದು."

ತನ್ನ ಮರ್ಯಾದೆಯನ್ನು ಇಷ್ಟು ಅಗ್ಗವಾಗಿ ಯಾರೂ ಉಳಿಸಿದ್ದು ಅವಳಿಗೆ ನೆನಪಿರಲಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಸೊಸೆಯ ಕಾಲಿಗೆ ಎಣ್ಣೆ ಹಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. "ಊರ ಉಸಾಬರಿ ನಿಂಗ್ಯಾಕೆ? ನಿನ್ ಕೆಲ್ಸ ಹೋದ್ರೆ ಮನೆ ನಡೆಯೋದು ಹೇಗೆ?" ಎಂದರು. ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು, "ಅದಿರ್ಲಿ, ಒರೆಸಿದ್ದು ಯಾಕೆ?" ಎಂದರು.

"ಅಭ್ಯಾಸ ಅತ್ತೆ."

"ಈ ಮನೇಲಿ ಎಲ್ರದೂ ಆದ್ಮೇಲೆ ನಾನು ಉಣ್ಬೇಕಿತ್ತು. ಅದನ್ನೂ ಅಭ್ಯಾಸ ಅಂತಿದ್ರು."

"ಯಾರು ಬಿಡಿಸಿದ್ರು?"

"ಯಾರು ಬಿಡಿಸ್ತಾರೆ? ಒಂದಿನ ನಾನೇ ಮೊದ್ಲು ಉಂಡೆ. ಸೂರೇನೂ ಬೀಳ್ಲಿಲ್ಲ."

ಮರುದಿನ ಪರದೆಯಕ್ಕ ಹೊಲಿಯಲು ಏನೂ ಇಲ್ಲದೆಯೇ ನೆಲಮಾಳಿಗೆಗೆ ಇಳಿದಳು. ಸೂಜಿ ಯಂತ್ರ ನಿಲ್ಲಿಸಲಿಲ್ಲ.

"ಬೈಯೋದಿದ್ರೆ ಬೈದುಬಿಡು," ಎಂದಳು ಪರದೆಯಕ್ಕ.

"ಬೈದ್ರೆ ಅವಳಿಗೆ ಕೆಲ್ಸ ಸಿಗತ್ತಾ? ಕೇಳು. ನಿನ್ನನ್ನ ಹೆಂಗಸು ಅಂತ ನಿಲ್ಸಿದ್ರು. ಅವಳನ್ನ ಹೆಂಗಸು ಅಂತಾನೂ ನಿಲ್ಸಿದ್ರು, ಆ ಸಾಲುಮನೆಯವಳು ಅಂತಾನೂ ನಿಲ್ಸಿದ್ರು, ರಿಜಿಸ್ಟರಲ್ಲಿ ಇಲ್ದೋಳು ಅಂತಾನೂ ನಿಲ್ಸಿದ್ರು. ಒಂದೇ ತಲೆ ಮೇಲೆ ಮೂರು ಹೊರೆ. ನೀನು ಅರ್ಜೀಲಿ ನಿನ್ನ ಒಂದು ಹೊರೆ ಮಾತ್ರ ಬರೆದೆ. ಅದಕ್ಕೇ ಅವನು ಬೇಗ ಒಪ್ಕೊಂಡ. ನಮ್ಮನ್ನ ಹನ್ನೆರಡು ಮತ್ತೆ ಎರಡು ಅಂತ ಒಡೆದಿದ್ದು ಅವನಲ್ಲ, ನೀನೇ ಒಡೆದು ಅವನ ಕೈಗೆ ಕೊಟ್ಟೆ."

"ಹಾಗಾದ್ರೆ ಹೇಗೆ ಕೇಳ್ಬೇಕಿತ್ತು?"

"ಹೆಚ್ಚು ಹೊರೆ ಇರೋರಿಂದ ಶುರು ಮಾಡು. ಟಾಯ್ಲೆಟ್ಟು ನೆಲದ ಮಟ್ಟಕ್ಕೆ ಬಂದ್ರೆ ನಂಗೊಬ್ಳಿಗೇನಾ ಅನುಕೂಲ? ನಿನ್ನ ಆ ನರದ ಕಾಲಿಗೆ ಅಲ್ವಾ? ಮತ್ತೆ ಇನ್ನೊಂದು. ಅವಳಿಗೆ ಏನು ಬೇಕು ಅಂತ ನೀನೂ ನಾನೂ ಇಲ್ಲಿ ಕೂತು ಬರೆಯೋದು ಬೇಡ. ಹೋಗಿ ಅವಳನ್ನೇ ಕೇಳು."

ರಜೆಯ ದಿನ ಪರದೆಯಕ್ಕ ಚರಂಡಿ ದಾಟಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಕಾಲೆತ್ತಮ್ಮನ ಬಾಗಿಲು ಅವಳ ಬಾಗಿಲಿನಂತೆಯೇ ಇತ್ತು, ಮೆಟ್ಟಿಲು ಮಾತ್ರ ಹೆಚ್ಚು ಚೊಕ್ಕಟ.

"ತಪ್ಪಾಯ್ತು ಅನ್ನೋಕೆ ಬಂದ್ಯಾ ಅಕ್ಕಾ?"

"ಹೂಂ."

"ಅದನ್ನ ಅಂಗಡೀಲಿ ಹೇಳು. ಒರೆಸಿದ್ದು ಅಲ್ಲಿ ತಾನೆ?"

"ಹೇಳ್ತೀನಿ. ಅರ್ಜಿ ಮತ್ತೆ ಬರೀತಿದ್ದೀವಿ. ನಿಂಗೇನು ಬೇಕು?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ವರ್ಷಗಳಿಂದ ಯೋಚಿಸಿಟ್ಟಿದ್ದಳು. "ನನ್ ಕೆಲ್ಸ. ಕೂರೋಕೆ ಜಾಗ. ಮೆಟ್ಟಿಲ ಮೇಲೆ ನಿಂತು ಉಣ್ಣಲ್ಲ, ನೀವು ಉಣ್ಣೋ ಕೋಣೇಲೇ ಉಣ್ತೀನಿ. ಆಮೇಲೆ ಕೈಗವಸು. ಆಸಿಡ್ಡಿಗೆ ಚರ್ಮ ಸುಲಿಯತ್ತೆ." ಅಂಗೈ ಚಾಚಿದಳು. ಕೌಂಟರಿನ ಹನ್ನೆರಡು ಮಂದಿ ಹನ್ನೆರಡು ದಿನ ಕೂತು ಬರೆದಿದ್ದರೂ ಅರ್ಜಿಯಲ್ಲಿ ಕೈಗವಸು ಬರುತ್ತಿರಲಿಲ್ಲ. "ಕನಿಕರ ಬೇಡ. ಅದು ನಂ ಕೇರಿಗೆ ಬೇಕಾದಷ್ಟು ಬಂದು ಹೋಗಿದೆ."

ಅದನ್ನೆಲ್ಲ ಬರೆದು ಪರದೆಯಕ್ಕ ಕಾಗದ ಕೊಟ್ಟಾಗ ಕಾಲೆತ್ತಮ್ಮ ತನ್ನ ಹೆಸರನ್ನು ಉಳಿದೆಲ್ಲ ಸಹಿಗಳಿಗಿಂತ ದೊಡ್ಡದಾಗಿ, ದುಂಡಗೆ ಬರೆದಳು.

ಶನಿವಾರ ಹನ್ನೊಂದು ಗಂಟೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹನ್ನೆರಡು ಹೆಂಗಸರು ತಮ್ಮ ಸ್ಟೂಲುಗಳನ್ನು ತಂದು ಮ್ಯಾನೇಜರನ ಬಾಗಿಲಿಗೆ ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿದರು. ಎರಡನೇ ಮಹಡಿಯ ನಡುವೆ ನೆಲದ ಮೇಲೆ ಕೂತರು. ಕಾಲೆತ್ತಮ್ಮ ಗಿರಾಕಿಗಳ ಬಾಗಿಲಿನಿಂದಲೇ ಒಳಗೆ ಬಂದಳು. ಸೂಜಿ ಒಂದು ದಾರದುಂಡೆ ಕೊಂಡುತರಿಸಿ, ಅದರ ಬಿಲ್ಲು ತೋರಿಸಿ, "ನಾನೀಗ ಗಿರಾಕಿ" ಎಂದು ಲಿಫ್ಟು ಹತ್ತಿದಳು.

ಮಕ್ಕಳ ಬಟ್ಟೆಯ ಕೌಂಟರಿನವಳು ಪರದೆಯಕ್ಕನ ಕಿವಿಯಲ್ಲಿ, "ಎಲ್ಲಾ ಸರಿ ಅಕ್ಕಾ, ಆದ್ರೆ ಅವಳ ಪಕ್ಕಾನೇ ಹೇಗೆ ಕೂರೋದು?" ಎಂದಳು.

"ಇಷ್ಟು ವರ್ಷ ನೀನು ಅವಳು ಒರೆಸಿದ ನೆಲದ ಮೇಲೇ ನಿಂತಿದ್ದೆ. ಇವತ್ತು ಅದರ ಮೇಲೇ ಕೂರು. ಆಗ್ಲಿಲ್ಲ ಅಂದ್ರೆ ಗಾಳೀಲಿ ತೇಲು."

ಅವಳು ಕೂತಳು.

ಪರದೆಯಕ್ಕ ದನಿ ಎತ್ತಿದಳು. "ಇವಳು ಕೂತ ಸ್ಟೂಲನ್ನ ನಾನು ಒರೆಸ್ದೆ. ಅದು ನನ್ನ ತಪ್ಪು. ನನ್ನ ತಪ್ಪಿಗೆ ಇವಳ ಕೆಲ್ಸ ತೆಗೆದ್ರು. ಅದನ್ನ ವಾಪಸ್ ಕೊಡೋವರೆಗೂ ನಾವು ಏಳಲ್ಲ."

ಒಬ್ಬ ವಯಸ್ಸಾದ ಗಿರಾಕಿ ಹೆಂಗಸು ಚೀಲ ಹಿಡಿದು ನಿಂತಿದ್ದರು. "ಪರದೆ ತೋರಿಸಲ್ವೇನಮ್ಮಾ?"

"ತೋರಿಸ್ತೀವಿ ಅಮ್ಮಾ. ಬನ್ನಿ, ಕೂತ್ಕೊಂಡು ನೋಡಿ."

ಅವರು ಮಂಡಿ ಹಿಡಿದುಕೊಂಡು ನೆಲದ ಮೇಲೆ ಕೂತರು. "ಎಷ್ಟು ಅಂಗಡಿ ಸುತ್ತಿದೆ, ಕೂತ್ಕೋ ಅಂದವರು ನೀವೇ ಮೊದಲು," ಎಂದರು. ಅವರನ್ನು ನೋಡಿ ಇನ್ನಿಬ್ಬರು ಕೂತರು.

ಮ್ಯಾನೇಜರ್ ಸ್ಟೂಲುಗಳ ಗೋಪುರ ದಾಟಿ ಬರಲು ಸ್ವಲ್ಪ ಹೊತ್ತು ಹಿಡಿಯಿತು. "ಎದ್ದೇಳಿ! ನಿಮ್ಮ ಹನ್ನೆರಡು ಜನದ ವಿಷಯ ಒಳಗೆ ಕೂತು ಮಾತಾಡೋಣ."

"ಹದಿನಾಲ್ಕು," ಎಂದಳು ಪರದೆಯಕ್ಕ.

"ಬೇಕಾದ್ರೆ ಬೆನ್ನಿರೋ ಕುರ್ಚೀನೇ ಕೊಡಿಸ್ತೀನಿ, ಹನ್ನೆರಡು..."

"ಹದಿನಾಲ್ಕು," ಎಂದಳು ಮಕ್ಕಳ ಬಟ್ಟೆಯವಳು.

ಬೆನ್ನಿರುವ ಕುರ್ಚಿ ದೊಡ್ಡ ಆಸೆಯೇ. ಆದರೂ ಯಾರೂ ಏಳಲಿಲ್ಲ. ಅವನು ಯಜಮಾನರಿಗೆ ಫೋನು ಮಾಡಲು ಹೋದ.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮಲ್ಲೂ ಒಂದು ಅರ್ಜಿ ಇರುತ್ತದೆ, ನೀರಿಗೋ ಬಸ್ಸಿಗೋ ಬಾಗಿಲಿರುವ ಟಾಯ್ಲೆಟ್ಟಿಗೋ. ಸಹಿ ಹಾಕುವ ಮುನ್ನ ಕತ್ತೆತ್ತಿ ಸುತ್ತ ನೋಡಿ. ಇಲ್ಲಿ ಯಾರು ಬಂದಿಲ್ಲ? ಮೆಟ್ಟಿಲು ಹತ್ತಲಾಗದವಳು, ಕೂರಲು ಯಾರೂ ಕರೆಯದವಳು, ಪಟ್ಟಿಯಲ್ಲಿ ಹೆಸರಿಲ್ಲದವಳು. ಅವಳ ಪರವಾಗಿ ನೀವೇ ಮಾತಾಡಿ ಮುಗಿಸಬೇಡಿ; ಅವಳ ಮನೆಗೆ ಹೋಗಿ, ಕೇಳಿ, ಅವಳ ಕೈಗೇ ಪೆನ್ನು ಕೊಡಿ. "ಮೊದ್ಲು ನಮ್ದಾಗ್ಲಿ" ಎಂಬ ಮಾತು ನಾಲಿಗೆಗೆ ಬಂದರೆ ನುಂಗಿಬಿಡಿ. ಯಾರಾದರೂ ನಿಮ್ಮನ್ನು ಎಣಿಸಿ ಕಡಿಮೆ ಹೇಳಿದರೆ, ಸರಿಯಾದ ಲೆಕ್ಕವನ್ನು ಗಟ್ಟಿಯಾಗಿ ಹೇಳಿ. ಎಷ್ಟು ಸಲ ಬೇಕಾದರೂ ಹೇಳಿ.

ಮಧ್ಯಾಹ್ನ ಎರಡು ಗಂಟೆಗೆ ಯಜಮಾನರು ಬಂದು ಹದಿನಾಲ್ಕು ಸಹಿಯ ಹೊಸ ಅರ್ಜಿಯನ್ನು ಒಪ್ಪಿ ತಮ್ಮ ಸಹಿ ಹಾಕಿದರು. ಸೋಮವಾರ ಕಾಲೆತ್ತಮ್ಮ ಕೈಗವಸು ಹಾಕಿಕೊಂಡು ಕೆಲಸಕ್ಕೆ ಬಂದಳು.